ಭಾವಪೂರ್ಣ ಶ್ರದ್ಧಾಂಜಲಿ

ಮೊದಲು ನಾ ಚಂದಾಗೇ ಹೇಳಿದ್ದೆ.
ಇಪ್ಪತ್ತೆರಡು ಸ್ಲೈಡು, ಬಾಣದ ಗುರುತು,
ಕೊಂಬಿ ಒಡೆದ ಗಿಡದ ಚಿತ್ರ.
ಒಂಬತ್ತನೇದಕ್ಕ ಕರೆಂಟ್ ಹೋತು.
ಹತ್ತನೇದಕ್ಕ ಮಿರ್ಚಿ ಭಜಿ ಬಂತು.
ಅಂಬಾರಾಯ ಎಣ್ಣಿ ಕೈ ಒರಸ್ಕೋತ ಅಂದ:
"ಗಿಟ್ಟು ಗಿಟ್ಟು ಅಂತೀರಿ ಮೇಡಂ,
ಅದರಾಗ ನಮಗೇನ್ ಗಿಟ್ತದ?
ನಂದೆಲ್ಲಾ ತಲ್ಯಾಗ ಅದ."

ತಲ್ಯಾಗ ಏನದ ಅಂತ ನೋಡೋ ದಾರಿ ಇಲ್ಲ.
ಫೋಲ್ಡರಿನ್ಯಾಗ ಇದ್ದದ್ದು ಹೇಳ್ತೀನಿ:
ಬಿಲ್_ಫೈನಲ್
ಬಿಲ್_ಫೈನಲ್_ಖರೇ
ಬಿಲ್_ಫೈನಲ್_ಖರೇಖರೇ_ವೈಜನಾಥ
ಬಿಲ್_ದೇವರಾಣಿ_ಇದೇ
ದೇವರಾಣಿ ಇಟ್ಟದ್ದು ಓಡ್ತಿರಲಿಲ್ಲ.
ಓಡೋದು "ಹೊಸ ಫೋಲ್ಡರ್ ಮೂರ"ರಾಗ
ಅಂಬಾರಾಯನ ತಂಗಿ ಲಗ್ನದ ಫೋಟೋ ನಡುವ
ಊಟಕ್ಕ ಕುಂತಂಗ ಕುಂತಿತ್ತು.

ನಾವು ಕಲಬುರಗಿ ಹುಮನಾಬಾದ್ ರೋಡಿನಾಗ
ಪಂಪ್‌ಸೆಟ್ ಅಂಗಡಿ ಮ್ಯಾಲಿನ ಮಾಳಿಗ್ಯಾಗ
ಬ್ಯಾಳಿ ಮಿಲ್ಲಿಗಿ ಬಿಲ್ ಬರೆಯೋ ಮಂದಿ.
ತೊಗರಿ ತೂಕ, ಹಮಾಲಿ, ಖಾಲಿ ಚೀಲದ ವಜಾ.
ವೈಜನಾಥ ಮೂರು ದಿನ ಕುಂತು
ಕಾಟಾದಾಗ ಕಳದ್ಹೋಗೋ ನೂರು ಗ್ರಾಮಿನ ಲೆಕ್ಕ
ಹಿಡದು ತಂದಿದ್ದ.
ಶನಿವಾರ ನಾಕೂ ನಲವತ್ತಕ್ಕ
ಅಂಬಾರಾಯ ತನ್ನ ಹಳೇದನ್ನ
ಅದರ ಮ್ಯಾಲ ಸೇವ್ ಮಾಡಿದ.
ಮಾಡಿ, "ಆತು" ಅಂದ.
ಖರೇನ ಆತು.

ವೈಜನಾಥ ಬೈಲಿಲ್ಲ. ಬೈದಿದ್ರ ಹಗುರಾಗ್ತಿತ್ತು.
ಹೆಲ್ಮೆಟ್ ಹಾಕ್ಕೊಂಡು
ಕುರ್ಚಿ ಮ್ಯಾಲೇ ಹತ್ತು ನಿಮಿಷ ಕುಂತಿದ್ದ.

ನಾ ಸ್ಲೈಡ್ ಬಿಟ್ಟೆ. ಫ್ಲೆಕ್ಸ್ ಅಂಗಡಿಗಿ ಹೋದೆ.
ಆರಡಿ ಮೂರಡಿ, ಸುತ್ತ ಸೇವಂತಿಗಿ, ಎರಡು ದೀಪ.
"ಪಾರಿವಾಳ ಪುಕ್ಕಟ ಅಕ್ಕಾ" ಅಂದ ಅಂಗಡ್ಯಾವ. ಅದೂ ಬಂತು.
ಫೋಟೋ ಜಾಗದಾಗ ಒಂದು ಖಾಲಿ ಹಾಳಿ.
ಕೆಳಗ:
ನಮ್ಮನ್ನಗಲಿದ ತೂಕ_ಫೈನಲ್.
ಜನನ ಬುಧವಾರ. ಮರಣ ಶನಿವಾರ, ಚಾ ಹೊತ್ತಿಗಿ.
ದುಃಖತಪ್ತರು: ಅಣ್ಣ ಖರೇ, ತಮ್ಮ ಖರೇಖರೇ
ಹಾಗೂ ಸಮಸ್ತ ಹೊಸ ಫೋಲ್ಡರ್ ಬಳಗ.

ಸೋಮವಾರ ಎಲ್ಲಾರೂ ನಕ್ಕರು.
ಅಂಬಾರಾಯ ಎಲ್ಲಾರಕಿಂತ ಜೋರು ನಕ್ಕ,
ಕಿವಿ ಅಷ್ಟು ಕೆಂಪಾಗಿದ್ವು.
ಅಷ್ಟರಾಗ ಚಾದ ಮೌಲಾಲಿ ಬಂದ.
ಅವನಿಗ ಕನ್ನಡ ಓದಾಕ ಬರಲ್ಲ,
ಸೇವಂತಿಗಿ ಓದಾಕ ಬರ್ತದ.
ಕೆಟ್ಲಿ ಕೆಳಗಿಟ್ಟು ಟೊಪ್ಪಿಗಿ ಸರಿ ಮಾಡ್ಕೊಂಡ.
"ಯಾರ್ರೀ ಹ್ವಾದವರು?"
"ಫೈನಲ್, ಮೌಲಾಲಿ."
ಅವನ ಕಿವಿಗಿ ಫೈಸಲ್ ಅಂತ ಬಿತ್ತು.
"ಉಮರ್ ಎಷ್ಟು?"
"ಮೂರು ದಿನ."
"ಅಯ್ಯೋ, ಕೂಸು" ಅಂದ.
ನಗಿ ಅಲ್ಲೇ ನಿಂತ್ಹೋತು.

ಅವನಿಗ ಬಿಡಿಸಿ ಹೇಳೋದ್ರಾಗ
ನನ್ನ ಇಪ್ಪತ್ತೆರಡೂ ಸ್ಲೈಡು ಮುಗದ್ವು, ಕರೆಂಟ್ ಇಲ್ದೇ.
ಎಲ್ಲಾ ಕೇಳಿ ಅವ ಬಗಲ ಕಿಸೆದಾಗಿನ
ಉಧಾರಿ ವಹಿ ತಗದ. ಉರ್ದುದಾಗ ಬರದದ್ದು.
ಒಂದಕ್ಷರ ಅಳಿಸಿದ್ದಿಲ್ಲ.
ತಪ್ಪಿದ್ದಕ್ಕ ಅಡ್ಡ ಗೆರಿ, ಬಾಜೂಕ ಹೊಸದು, ತಾರೀಖು.
"ಅಳಿಸಿದ್ರ ಸಾಬ್,
ನಾಳಿಗಿ ನಾ ಒಂದಂತೀನಿ, ನೀವೊಂದಂತೀರಿ.
ಚಾ ಒಂದೇ, ಜಗಳ ಎರಡು."
ಹಂಗೇ ಅಂಬಾರಾಯನ ಹಾಳಿ ತೆರದು ತೋರ್ಸಿದ.
ಹ್ವಾದ ದೀಪಾವಳಿಯಿಂದ
ಮುನ್ನೂರಾ ಹನ್ನೆರಡು ರೂಪಾಯಿ.
ಅದು ತಲ್ಯಾಗ ಇರಲಿಲ್ಲ.

ಗುರುವಾರ, ವೈಜನಾಥ ನೆನಸಿ ನೆನಸಿ ಮತ್ತ ಬರದಾದ ಮ್ಯಾಲ
ಗಿಟ್ಟಿಗಿ ಮೊದಲನೇ ಟಿಪ್ಪಣಿ ಅಂಬಾರಾಯನೇ ಬರದ:
"ವೈಜನಾಥನ ಕೂಸು ಮತ್ತ ಹುಟ್ಯಾದ.
ಆಗ ಕೊಂದಾವ ನಾನೇ.
ಇನ್ನ ಕೊಂದ್ರೂ ಸಿಗ್ತದಂತ."
ನಾ ಅತ್ತೆ ಅಂದ್ರ ಅತಿ ಆಗ್ತದ.
ಕಣ್ಣಿಗಿ ಮಿರ್ಚಿ ಕೈ ತಾಗಿತ್ತು.

ಬ್ಯಾನರ್ ಈಗ ಪಂಪ್‌ಸೆಟ್ ಅಂಗಡಿಯವರ ಗಾಡಿಗಿ ಹೊದಿಕಿ.
ಬಿಸಲಿಗಿ ಬಣ್ಣ ಬಿಟ್ಟು ಬಿಟ್ಟು
ಪಾರಿವಾಳ ಹಾರೇ ಹೋಗ್ಯಾದ.
ನಿನ್ನಿ ಕುಂತು ಟಿಪ್ಪಣಿ ಓದಿದೆ:
"ಏನೋ ಮಾಡೀನಿ."
"ಅದನ್ನ ತಗದೀನಿ."
"ಮತ್ತ ಹಾಕೀನಿ, ಕೇಳಬ್ಯಾಡ್ರಿ."

ಫ್ಲೆಕ್ಸ್ ಅಂಗಡ್ಯಾವಗ ಫೋನ್ ಹಚ್ಚೀನಿ,
ಪಾರಿವಾಳ ಇನ್ನೂ ಪುಕ್ಕಟ ಏನು
ಕೇಳಬೇಕು.